ಬಾಯಿ ಬಿಡದ ಹಾರ್ನು

ಊರಿನವರೆಲ್ಲ ತನ್ನೆದುರು ಬಾಯಿ ತೆರೆಯುತ್ತಾರೆ, ಈ ಕಾರಿನ ಹಾರ್ನು ಮಾತ್ರ ಬಾಯಿ ಬಿಡುತ್ತಿಲ್ಲವಲ್ಲ ಎಂಬುದೇ ಹಲ್ಲಿನ ಡಾಕ್ಟರ ಕೊರಗು. ಕಾರೂ ಅಂತಿಂಥದ್ದಲ್ಲ. ಮಾವ ಕಾಲವಾದ ಮೇಲೆ ಇವರ ಪಾಲಿಗೆ ಬಂದ, ಎರಡೇ ಸೀಟಿನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು. (ಮೂರನೆಯವರು ನಡೆದೇ ಬರಬೇಕು.)

ಸಂಜೆ ಗೇಟಿನೆದುರು ಹಾರ್ನ್ ಒತ್ತುವುದು, ಹೆಂಡತಿ ಓಡಿಬಂದು ಗೇಟು ತೆರೆಯುವುದು, ಇದು ಅವರ ಗೃಹಸಾಮ್ರಾಜ್ಯದ ರಾಜಮರ್ಯಾದೆ. ಹಾರ್ನ್ ಮೂಕವಾದಂದಿನಿಂದ ಮಹಾರಾಜರು ಕೆಳಗಿಳಿದು, ಗೇಟಿನ ಸರಳು ಹಿಡಿದು, "ಏನೇ, ಬಂದೆ ಕಣೇ" ಎಂದು ಕೂಗಬೇಕಾಗಿತ್ತು. ಎದುರುಮನೆಯವರ ಮುಂದೆ ಮಾನ ಮೂರು ಕಾಸಿಗೆ ಹರಾಜಾಗಿತ್ತು.

ಭಾನುವಾರ ಸ್ಟೀರಿಂಗ್ ನಡುವಿನ ಗುಂಡಿಯನ್ನು ಕಿತ್ತು, ಹಲ್ಲು ಕೆರೆಯುವ ಕೊಕ್ಕೆ, ಪುಟ್ಟ ಕನ್ನಡಿ, ಹತ್ತಿ ಎಲ್ಲ ಹರಡಿಕೊಂಡು ಕೂತರು.

"ಹೋಗ್ಲಿ ಬಿಡ್ರೀ. ಈ ಕಾರು ಕೆಮ್ಮೋದು ಕೇಳಿಯೇ ಜನ ದಾರಿ ಬಿಡ್ತಾರೆ" ಎಂದರು ಹೆಂಡತಿ.

"ನಿಂಗೇನು ಗೊತ್ತಾಗುತ್ತೆ? ಬುಡದಲ್ಲೇ ಹುಳುಕು."

ಹುಳುಕು ಕೆರೆಯುವಷ್ಟರಲ್ಲಿ ಒಳಗಿನ ಸ್ಪ್ರಿಂಗ್ ಚಂಗನೆ ಹಾರಿ ಹೂಕುಂಡಗಳ ನಡುವೆ ಅಂತರ್ಧಾನವಾಯಿತು. ಪೆನ್ನಿನ ಸ್ಪ್ರಿಂಗ್ ಹಾಕಿ ಗುಂಡಿ ಕೂರಿಸಿ ಒತ್ತಿದರು. ಸದ್ದಿಲ್ಲ. ಊಟ ಆರಿತು, ಹೆಬ್ಬೆರಳು ಕೊಯ್ದುಹೋಯಿತು. ಹಲ್ಲು ಕೀಳುವಾಗ ಎಂದೂ ಸೋಲೊಪ್ಪದ ಡಾಕ್ಟರು ಕೊಕ್ಕೆಯನ್ನು ಕೆಳಗಿಟ್ಟರು.

"ವಯಸ್ಸಾಯ್ತು ಕಣೇ. ಇನ್ನು ಈ ಕೈಲಿ ಏನೂ ಆಗಲ್ಲ" ಎಂದರು ಮೆಲ್ಲಗೆ.

ಆ ಮಾತನ್ನು ಆಕೆಗೆ ಸಹಿಸಲಾಗಲಿಲ್ಲ. ಗಂಡನ ಬೆರಳಿಗೆ ಬಟ್ಟೆ ಸುತ್ತಿ, ಸೀದಾ ಹೋಗಿ ಬಾನೆಟ್ ಎತ್ತಿ, ಹಾರ್ನಿನ ಪಕ್ಕ ಜೋತಾಡುತ್ತಿದ್ದ ವೈರನ್ನು ಸಿಕ್ಕಿಸಿದರು.

ಹಾರ್ನ್ ಕಿರುಚಿತು. ಕಿರುಚುತ್ತಲೇ ಇತ್ತು. ಒತ್ತಿದ ಗುಂಡಿಯನ್ನು ಮೇಲೆತ್ತುವ ತ್ರಾಣ ಪೆನ್ನಿನ ಸ್ಪ್ರಿಂಗಿಗೆ ಇರಲಿಲ್ಲ. ಎದುರುಮನೆಯವರು ಸಂಸಾರಸಮೇತ ಹೊರಗೆ ಬಂದರು. ಆಕೆ ವೈರನ್ನು ಮತ್ತೆ ಕಿತ್ತರು.

"ಗುಂಡಿ ಚೆನ್ನಾಗೇ ಇತ್ತು. ನೀವು ರಿಪೇರಿ ಮಾಡಿದ್ಮೇಲೆ ಕೆಟ್ಟಿದೆ."

"ಈ ವೈರು ನಿಂಗೆ ಹೇಗೆ ಗೊತ್ತು?"

"ಅಪ್ಪನ ಕಾರು. ಇದರ ಹೊಟ್ಟೆ ಒಳಗಿರೋದೆಲ್ಲ ಚಿಕ್ಕಂದಿನಿಂದ ನೋಡಿದ್ದೀನಿ. ಅವತ್ತು ಕಿತ್ತಿದ್ದೂ ನಾನೇ."

ಡಾಕ್ಟರ ಬಾಯಿ ತಾನಾಗಿಯೇ ತೆರೆದುಕೊಂಡಿತು.

"ಮದುವೆಯಾದ ಹೊಸದರಲ್ಲಿ ಬೀದಿಯಿಂದಲೇ ನನ್ನ ಕೂಗ್ತಾ ಬರ್ತಿದ್ರಿ. ಕಾರು ಬಂದ್ಮೇಲೆ ಪೋಂ ಪೋಂ ಅಂತ, ಕಾವಲುಗಾರನ್ನ ಕರೆದ ಹಾಗೆ. ನಿಮ್ಮ ದನಿ ಕೇಳ್ಬೇಕು ಅನ್ನಿಸ್ತು. ಕಿತ್ತೆ."

ರೇಗಬೇಕೆಂದುಕೊಂಡವರು ಕೊಕ್ಕೆ, ಕನ್ನಡಿಗಳನ್ನು ಎತ್ತಿಡತೊಡಗಿದರು.

ಮರುದಿನ ಬೆಳಿಗ್ಗೆ ಕುಂಡಗಳಿಗೆ ನೀರು ಹಾಕುವಾಗ ಆಕೆಗೇ ಹಳೆಯ ಸ್ಪ್ರಿಂಗ್ ಸಿಕ್ಕಿತು. ವೈರೂ ಜಾಗಕ್ಕೆ ಸೇರಿತು. ಸಂಜೆ ಕಾರು ಬೀದಿಯುದ್ದಕ್ಕೂ ಗತ್ತಿನಿಂದ ಹಾರ್ನ್ ಹೊಡೆಯುತ್ತ ಬಂದು ಗೇಟಿನೆದುರು ಸುಮ್ಮನಾಯಿತು. ಡಾಕ್ಟರು ಕೆಳಗಿಳಿದು ಸರಳು ಹಿಡಿದರು.

"ಏನೇ, ಬಂದೆ ಕಣೇ."

ಆಕೆ ಗೇಟಿನ ಹಿಂದೆಯೇ ನಿಂತಿದ್ದರು.

"ಕೇಳಿಸ್ಲಿಲ್ಲ" ಎಂದರು. "ಇನ್ನೊಂದ್ಸಲ."