ಸಕ್ಷಮ ಶಕ್ತಿಗೆ ಸಲ್ಲಿಸುವ ಪ್ರಾರ್ಥನೆಯ ಕುರಿತು

ಧಾರ್ಮಿಕ ಅಭಿವ್ಯಕ್ತಿ ನಿಯಂತ್ರಣ ಶಾಖೆಯ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಗಡಿ ಶಿಬಿರದ ಧರ್ಮಗುರುವಾದ ನಾನು ತಮಗೂ, ತಮ್ಮ ಸುತ್ತೋಲೆಗಳಿಗೂ, ಅವುಗಳ ಬೆನ್ನಿಗೇ ಬರುವ ತಿದ್ದುಪಡಿಗಳಿಗೂ ವಂದಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಇದರ ಒಂದು ಪ್ರತಿಯನ್ನು ಊಟದ ಕೋಣೆಯ ಸೂಚನಾ ಫಲಕದಲ್ಲಿ ತಮ್ಮ ಸುತ್ತೋಲೆಯ ಪಕ್ಕದಲ್ಲೇ ಅಂಟಿಸಿರುವುದಕ್ಕೆ ಕ್ಷಮೆಯಿರಲಿ. ನೇರವಾಗಿ ಕಳುಹಿಸಿದ ಮನವಿಗಳು ತಮ್ಮ ಪರಿಶೀಲನೆಯಲ್ಲಿ ಎಷ್ಟು ಸುಖವಾಗಿವೆಯೆಂದರೆ, ಒಂದಕ್ಕೂ ಹಿಂದಿರುಗುವ ಮನಸ್ಸಾಗಿಲ್ಲ.

ಮೊದಲು ಅಭಿನಂದನೆ. ಬೇರೆ ಬೇರೆ ಧರ್ಮದ ಯೋಧರಲ್ಲಿ ಯಾರ ಮನಸ್ಸಿಗೂ ನೋವಾಗದಿರಲೆಂದು ತಾವು ರಚಿಸಿಕೊಟ್ಟ ಅನುಮೋದಿತ ಪ್ರಾರ್ಥನೆ ಅಪೂರ್ವವಾದದ್ದು. “ಓ ಸಕ್ಷಮ ಶಕ್ತಿಯೇ, ಇಲ್ಲಿ ಹಾಜರಿರುವ ಸಿಬ್ಬಂದಿಗೆ ಯಥೋಚಿತ ಒಳಿತನ್ನು ದಯಪಾಲಿಸು.” ಯಾವ ದೇವರ ಹೆಸರೂ ಇಲ್ಲದಿರುವುದರಿಂದ ಯಾವ ದೇವರೂ ಆಕ್ಷೇಪಣೆ ಸಲ್ಲಿಸುವಂತಿಲ್ಲ, ‘ಯಥೋಚಿತ’ ಎಂದಿರುವುದರಿಂದ ಏನೂ ಆಗದಿದ್ದರೂ ಯಾರೂ ದೂರುವಂತಿಲ್ಲ. ಮೊದಲ ದಿನ ಕವಾಯತು ಮೈದಾನದಲ್ಲಿ ಓದಿದಾಗ ಅಡುಗೆಯವನು, “ಗುರುಗಳೇ, ಇದಕ್ಕೆ ವಿಳಾಸಾನೇ ಇಲ್ವಲ್ಲ, ಯಾರಿಗೆ ಹೋಗಿ ಮುಟ್ಟುತ್ತೆ?” ಎಂದು ಕೇಳಿದ. ತಮ್ಮ ಕಚೇರಿಗೆ ಎಂದು ಹೇಳಿ ಸಮಾಧಾನಪಡಿಸಿದೆ. ಮರುದಿನದಿಂದ ಅವನು ಪ್ರಾರ್ಥನೆಗೆ ಬಂದಿಲ್ಲ.

ಇನ್ನು ನನ್ನ ಮೇಲಿನ ಆರೋಪ. ಲಾರಿ ಚಾಲಕನೊಬ್ಬ ಸ್ಫೋಟದಲ್ಲಿ ಪಾದ ನಜ್ಜುಗುಜ್ಜಾಗಿ ಶಿಬಿರದ ಆಸ್ಪತ್ರೆಗೆ ಬಂದ. ಅವನ ಧರ್ಮ ನನ್ನದಲ್ಲ. ಅವನ ಧರ್ಮದ ಗುರುಗಳಿರುವ ಶಿಬಿರದಿಂದ ಇಲ್ಲಿಗೆ ಬರುವ ಸೇತುವೆ ಬಿದ್ದುಹೋಗಿದೆ. ಪಾದ ಕತ್ತರಿಸುವ ಮುನ್ನ, ಅಮ್ಮ ಹೇಳಿಕೊಟ್ಟ ಪ್ರಾರ್ಥನೆಯನ್ನು ಯಾರಾದರೂ ಹೇಳಬೇಕೆಂದು ಅವನು ಕೇಳಿದ. ಅವನಿಗೆ ನೋವಿನಲ್ಲಿ ಮಾತುಗಳು ಮರೆತಿದ್ದವು. ನನಗೆ ಅವು ಗೊತ್ತೇ ಇರಲಿಲ್ಲ. ಬೇರೆ ಧರ್ಮದವರಿದ್ದಲ್ಲಿ ಅನುಮೋದಿತ ಪ್ರಾರ್ಥನೆಯನ್ನಷ್ಟೇ ಹೇಳಬೇಕೆಂಬ ತಮ್ಮ ನಿಯಮದಂತೆ ಸಕ್ಷಮ ಶಕ್ತಿಯನ್ನು ಕರೆಯಬೇಕಾಗಿದ್ದ ನಾನು ಅವನ ಅಮ್ಮನಿಗೆ ಫೋನ್ ಮಾಡಿದೆ. ಆ ತಾಯಿ ಒಂದೊಂದೇ ಸಾಲು ಹೇಳಿದರು, ನಾನು ಅವನ ಕೈ ಹಿಡಿದು ಹಾಗೆಯೇ ಹೇಳಿದೆ. ನಡುವೆ ಅವರು, “ಅಷ್ಟು ಬೇಗಬೇಗ ಹೇಳ್ಬೇಡಿ ಗುರುಗಳೇ, ದೇವ್ರಿಗೇನು ಬಸ್ಸು ತಪ್ಪಿಹೋಗುತ್ತಾ?” ಎಂದು ಗದರಿದರು. ಚಾಲಕ ನಕ್ಕ. ಪರಧರ್ಮದ ಪ್ರಾರ್ಥನೆ ನಡೆಸಿದ್ದು, ವಾರ್ಡಿನಲ್ಲಿ ನಗುವಿಗೆ ಕಾರಣನಾದದ್ದು, ಎರಡೂ ದೋಷಾರೋಪಣೆಯಲ್ಲಿ ಸರಿಯಾಗಿಯೇ ದಾಖಲಾಗಿವೆ. ವಿಚಾರಣೆ ಮುಗಿಯುವವರೆಗೆ ನಾನು ವಾರ್ಡಿಗೆ ಕಾಲಿಡುವಂತಿಲ್ಲ.

ತೊಂದರೆಯೇನೆಂದರೆ, ಗಾಯ ಈ ಆದೇಶವನ್ನು ಓದಿಕೊಂಡಿಲ್ಲ. ಸೋಂಕು ಮೊಣಕಾಲಿನ ಕಡೆಗೆ ಏರುತ್ತಿದೆ. ನಾಳೆ ಬೆಳಿಗ್ಗೆ ಇನ್ನೊಂದು ಶಸ್ತ್ರಚಿಕಿತ್ಸೆ ಆಗದಿದ್ದರೆ ಜೀವಕ್ಕೇ ಅಪಾಯ ಎಂದು ವೈದ್ಯರು ಹೇಳುತ್ತಾರೆ. ಚಾಲಕ ಮಾತ್ರ, “ಗುರುಗಳು ಬರ್ಲಿ, ಅಮ್ಮನಿಗೆ ಫೋನ್ ಹಚ್ಲಿ, ಆಮೇಲೆ ಆಪರೇಶನ್ನಿಗೆ ಸಹಿ ಹಾಕ್ತೀನಿ” ಎಂದು ಹಟ ಹಿಡಿದು ಮಲಗಿದ್ದಾನೆ. ಇದನ್ನೆಲ್ಲ ಬರೆಯಲು ಅವನೇ ಒಪ್ಪಿಗೆ ಕೊಟ್ಟು, “ಚೆನ್ನಾಗಿ ಖಾರವಾಗಿ ಬರೀರಿ” ಎಂದೂ ಹೇಳಿ ಕಳುಹಿಸಿದ್ದಾನೆ. ಖಾರ ನನ್ನ ಸ್ವಭಾವದಲ್ಲಿಲ್ಲ.

ಆದ್ದರಿಂದ ವಿನಮ್ರ ಕೋರಿಕೆಗಳು. ವಿಚಾರಣಾ ಸಮಿತಿ ಸಭೆ ಸೇರುವವರೆಗೆ ಮೊಣಕಾಲಿನ ಕೆಳಗೇ ನಿಲ್ಲುವಂತೆ ಸೋಂಕಿಗೆ ತಮ್ಮ ಸಹಿಯೊಂದಿಗೆ ನಿರ್ದೇಶನ ನೀಡಬೇಕು. ಇನ್ನು ಮುಂದೆ ಶತ್ರುಗಳು ಬಾಂಬು ಹುಗಿಯುವ ಮೊದಲು, ಆ ದಾರಿಯಲ್ಲಿ ಬರುವವನ ಧರ್ಮ ಮತ್ತು ಹತ್ತಿರದ ಧರ್ಮಗುರುವಿನ ಧರ್ಮ ಹೊಂದುತ್ತವೆಯೇ ಎಂದು ನೋಡಿಕೊಳ್ಳುವಂತೆ ಅವರಿಗೂ ಒಂದು ಸುತ್ತೋಲೆ ಹೋಗಬೇಕು. ನೋವಿನಲ್ಲಿರುವವರು ‘ಅಮ್ಮಾ’ ಎನ್ನುವ ಬದಲು ಏನೆಂದು ಕೂಗಬೇಕೆಂಬುದನ್ನೂ ತಾವು ಅನುಮೋದಿಸಿ ಕಳುಹಿಸಿದರೆ ವಾರ್ಡಿನಲ್ಲಿ ಶಿಸ್ತು ನೆಲೆಸುತ್ತದೆ.

ಇವುಗಳಲ್ಲಿ ಯಾವುದೂ ಆಗದಿದ್ದಲ್ಲಿ, ನಾಳೆ ಬೆಳಿಗ್ಗೆ ನಾನು ವಾರ್ಡಿಗೆ ಹೋಗುತ್ತೇನೆ. ಎದುರಿನವನು ನನ್ನ ಧರ್ಮದವನೇ ಎಂದು ನೋಡಿ ಕೈ ಹಿಡಿಯುವುದನ್ನು ನನ್ನ ಧರ್ಮ ನನಗೆ ಕಲಿಸಿಲ್ಲ. ಅಷ್ಟರ ಮಟ್ಟಿಗೆ ನಾನು ಧಾರ್ಮಿಕ ಅಭಿವ್ಯಕ್ತಿಯ ಅಪರಾಧಿ. ಆ ತಾಯಿಗೆ ಫೋನಿನ ಬಳಿಯೇ ಇರಲು ಹೇಳಿದ್ದೇನೆ. ಈ ಸಲ ನಿಧಾನವಾಗಿ ಹೇಳುತ್ತೇನೆಂದು ಮಾತೂ ಕೊಟ್ಟಿದ್ದೇನೆ. ತಾವು ಶಿಕ್ಷೆಯನ್ನು ಸಿದ್ಧವಾಗಿಡಬಹುದು.

ಇತಿ, ವಾರ್ಡಿನ ಹೊರಗಿದ್ದರೂ ಒಳಗಿದ್ದರೂ
ತಮ್ಮ ವಿಶ್ವಾಸಿ,
ಶಿಬಿರದ ಧರ್ಮಗುರು

ವಿ.ಸೂ.: ತಮ್ಮ ಮಗಳ ಮದುವೆಗೆ ಬಂದು ವಧೂವರರನ್ನು ಹರಸಬೇಕೆಂದು ತಾವು ಕಳುಹಿಸಿದ ಆಮಂತ್ರಣ ತಲುಪಿತು. ಬೀಗರು ಬೇರೆ ಧರ್ಮದವರೆಂದು ಕೇಳಿ ಸಂತೋಷವಾಯಿತು. ಹಾಗಾಗಿ ನಿಯಮ ಸ್ಪಷ್ಟವಾಗಿದೆ. ಖಂಡಿತ ಬರುತ್ತೇನೆ. ಮದುಮಕ್ಕಳ ತಲೆಯ ಮೇಲೆ ಕೈಯಿಟ್ಟು, ಹಾಜರಿರುವ ಸಿಬ್ಬಂದಿಗೆ ಯಥೋಚಿತ ಒಳಿತನ್ನು ಕೋರುತ್ತೇನೆ.