ಉಪ್ಪುನೀರಿಗೆ ಏಳದ ತೆಂಗಿನಕಾಯಿ

ಕಳೆದ ಸಂಕ್ರಾಂತಿಯ ಮರುದಿನ ಬೆಳಗ್ಗೆ ಜಗಳೂರಿನ ನನ್ನ ಸೋದರಮಾವ ಗೋವಾದ ಕಡಲಿಗೆ ಇಳಿದು, ಮುಳುಗಿದ ಹಡಗೊಂದನ್ನು ನೋಡಿ ಬಂದರು. ಇಳಿದದ್ದು ನಿಜ. ನೋಡಿದ್ದರ ಬಗ್ಗೆ ಮುಂದೆ ಹೇಳುತ್ತೇನೆ.

ನೀರಿನ ವಿಷಯದಲ್ಲಿ ಮಾವನಿಗೆ ಗೊತ್ತಿಲ್ಲದ್ದು ಒಂದೇ, ಅದರೊಳಗೆ ಇಳಿಯುವುದು. ಬೋರ್‌ವೆಲ್ ಎಲ್ಲಿ ಕೊರೆಸಬೇಕೆಂದು 'ಪಾಯಿಂಟ್' ಕೊಡುವುದು ಅವರ ಕಸುಬು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ಸುತ್ತುತ್ತಾರೆ. ಕಾಯಿ ಎದ್ದು ನಿಂತರೆ ಕೆಳಗೆ ನೀರು. ಚನ್ನಗಿರಿಯ ನಲ್ಲೂರಿನಲ್ಲಿ ಒಮ್ಮೆ ಅವರು ತೋರಿಸಿದಲ್ಲಿ ಕೊರೆದಾಗ ಬರೀ ದೂಳು ಬಂತು. ತೋಟದವರು ಅವರ ಮುಖ ನೋಡಿದರು.

"ನೀರು ಇತ್ತು ಕಣ್ರೀ. ನೀವು ಬೋರಿನ ಲಾರಿ ತರಾಕೆ ತಡ ಮಾಡಿದ್ರಿ, ಪಕ್ಕದೋರ ತೋಟಕ್ಕೆ ಹೋತು," ಎಂದರು ಮಾವ. ಪಕ್ಕದ ತೋಟದವರು ಮರುದಿನವೇ ಅವರನ್ನು ಕರೆಸಿದರು ಎಂಬುದನ್ನೂ ದಾಖಲಿಸಬೇಕು.

ಸವಳಂಗದ ಮದುವೆಯೊಂದರಲ್ಲಿ ತಾಂಬೂಲದ ಚೀಲದ ಕಾಯಿ ಊಟದ ಹಾಲ್‌ನಲ್ಲೇ ಅವರ ಅಂಗೈ ಮೇಲೆ ಎದ್ದು ನಿಂತಿತು. "ಇಲ್ಲಿ ಕೆಳಗೆ ಭರ್ತಿ ನೀರೈತೆ," ಎಂದು ಮಾವ ಘೋಷಿಸಿದರು. ಅಡುಗೆಯವರು ಸೌಟು ಕೆಳಗಿಡದೆ, "ಐತೆ ಬಿಡ್ರಿ, ಅಲ್ಲಿ ಸಂಪು ಐತೆ," ಎಂದರು.

ಅತ್ತೆ ಹೊನ್ನಾಳಿಯವರು. ಹುಡುಗಿಯಾಗಿದ್ದಾಗ ತುಂಗಭದ್ರೆಯನ್ನು ಈಜಿ ದಾಟಿದವರು. "ನಮ್ಮಪ್ಪ ನನ್ನ ಹೊಳ್ಯಾಗಿಂದ ಎತ್ತಿ ಬಕೆಟ್ಟಿಗೆ ಹಾಕಿದ," ಎಂದು ತಮ್ಮ ಮದುವೆಯನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಮುಳುಗಿದ ಹಡಗಿನ ವಿಡಿಯೊ ಮೊಬೈಲಿನಲ್ಲಿ ನೋಡಿದಾಗಿನಿಂದ, ಅದರ ಬಾಗಿಲಲ್ಲಿ ಮೀನು ಒಳಗೆ ಹೋಗಿ ಹೊರಗೆ ಬರುವುದನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂದು ಹಟ ಹಿಡಿದಿದ್ದರು. ಗೋವಾಕ್ಕೆ ಹೊರಟದ್ದೇ ಅವರಿಗಾಗಿ. ಫೋಟೊ ತೆಗೆಯುವುದು ನನ್ನ ಕೆಲಸ, ದೋಣಿಯಲ್ಲಿ ಕೂತು ಚಪ್ಪಲಿ ಕಾಯುವುದು ಮಾವನದು.

ದ್ವೀಪವೊಂದರ ಮಗ್ಗುಲಲ್ಲಿ ದೋಣಿ ನಿಂತಿತು. ಕಾರವಾರದ ಕಡೆಯ ಡೈವಿಂಗ್ ತರಬೇತುದಾರ, "ಇದೇ ನಮ್ಮ ಪಾಯಿಂಟ್. ಹಡಗು ಇಲ್ಲೇ ಕೆಳಗಿದೆ, ಆಳ ಜಾಸ್ತಿ ಇಲ್ಲ," ಎಂದ.

ಮಾವನ ಕಿವಿ ನೆಟ್ಟಗಾದವು. "ಯಾರು ಕೊಟ್ಟಿದ್ದು ಈ ಪಾಯಿಂಟ್?"

"ಯಾರೂ ಕೊಟ್ಟಿಲ್ಲ ಸರ್, ಎಲ್ಲರೂ ಇಲ್ಲೇ ಇಳಿಯೋದು."

"ಯಾರೂ ಕೊಡದೆ ಹೆಂಗ್ರೀ ಇಳೀತೀರಿ?"

ಗಂಗಮ್ಮನಿಗೆ ಒಡೆಯಲೆಂದು ತಂದಿದ್ದ ಕಾಯಿಯನ್ನು ಅಂಗೈ ಮೇಲೆ ಮಲಗಿಸಿದರು. ಸುತ್ತ ಕಣ್ಣು ಹರಿಯುವಷ್ಟೂ ದೂರ ನೀರು. ಕಾಯಿ ಮಿಸುಕಲಿಲ್ಲ. ದೋಣಿಯವರೆಲ್ಲ ನೋಡುತ್ತಿದ್ದರು.

"ಉಪ್ಪುನೀರಿಗೆ ಏಳಲ್ಲ ಇದು," ಎಂದರು ಮಾವ. "ಸಿಹಿನೀರಿನ ಕಾಯಿ."

ಅತ್ತೆ ನಗುತ್ತ ಡೈವಿಂಗ್ ಉಡುಪು ಕೈಗೆತ್ತಿಕೊಂಡಾಗ ತರಬೇತುದಾರ, ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದ. ಅತ್ತೆ ಸುಳ್ಳು ಹೇಳುವವರಲ್ಲ. "ಬಿಪಿ ಮಾತ್ರೆ ನುಂಗ್ತೀನಿ ಕಣಪ್ಪ," ಎಂದರು. ಹಾಗಾದರೆ ಇಳಿಸಲು ಆಗದು ಎಂದ. ಎಷ್ಟು ಕೇಳಿಕೊಂಡರೂ ಒಪ್ಪಲಿಲ್ಲ, ಒಪ್ಪದ್ದು ಸರಿಯೇ. ಅತ್ತೆ ಉಡುಪನ್ನು ಮಡಿಸಿ ಮಡಿಲಲ್ಲಿಟ್ಟುಕೊಂಡು ನೀರನ್ನೇ ನೋಡುತ್ತ ಕೂತರು.

ಮಾವ ಕಾಯಿಯನ್ನು ನನ್ನ ಕೈಗೆ ಕೊಟ್ಟರು. "ಕೊಡಿಲ್ಲಿ ಆ ಬಟ್ಟೆ. ನಾನು ನೋಡ್ಕಂಬಂದು ಹೇಳ್ತೀನಿ."

"ರೀ, ಹೊಳೆ ದಂಡ್ಯಾಗೆ ನಿಂತ್ರೇ ತಲೆ ತಿರುಗುತ್ತೆ ಅಂತೀರಿ."

"ಇದು ಹೊಳೆ ಅಲ್ಲಲ್ಲ."

ಅತ್ತೆಯ ಅಳತೆಯ ಉಡುಪು ಮಾವನ ಹೊಟ್ಟೆಯ ಬಳಿ ಸೋತಿತು. ಬೇರೆ ತೊಡಿಸಿ, ಬೆನ್ನಿಗೆ ಸಿಲಿಂಡರ್ ಕಟ್ಟಿ, ತರಬೇತುದಾರ ಅವರನ್ನು ಹಿಡಿದುಕೊಂಡೇ ಇಳಿಸಿದ. ಮೇಲೆ ಬಂದಾಗ ಮಾವ ಕೆಮ್ಮುತ್ತಿದ್ದರು. ಕೆಮ್ಮು ನಿಲ್ಲುವ ಮೊದಲೇ ವರದಿ ಶುರುವಾಯಿತು.

"ಅಡುಗೆಮನೆ ಐತೆ ಕಣೇ ಹಡಗಿನಾಗೆ. ಒಲೆ ಮೇಲೆ ಪಾತ್ರೆ ಹಂಗೇ ಐತೆ."

"ಪಾತ್ರ್ಯಾಗೆ ಏನಿತ್ತು?"

"ಮೀನು."

"ಬೇಯ್ಸಿದ್ದಾ?"

"ಜೀವ ಇರೋದು. ಬಾಗಿಲಾಗೆ ಒಳಗೆ ಹೋಗೋದು, ಹೊರಗೆ ಬರೋದು. ನೀನು ಹೇಳಿದ್ಯಲ್ಲ, ಹಂಗೇ."

ಸಂಜೆ, ತರಬೇತುದಾರ ನೀರೊಳಗೆ ತೆಗೆದ ವಿಡಿಯೊ ನನ್ನ ಮೊಬೈಲಿಗೆ ಬಂತು. ಇಳಿದ ಕ್ಷಣದಿಂದ ಏರುವವರೆಗೂ ಮಾವನ ಕಣ್ಣುಗಳು ಬಿಗಿಯಾಗಿ ಮುಚ್ಚಿದ್ದವು. ಹಡಗಿನ ತುಕ್ಕು ಹಿಡಿದ ಪಕ್ಕೆ ಹಿಂದೆ ಸರಿಯಿತು, ಮೀನುಗಳು ಮೂಗಿನ ಮುಂದೆಯೇ ಹಾದುಹೋದವು. ಬಲ ಅಂಗೈ ಮಾತ್ರ ಚಾಚಿಕೊಂಡಿತ್ತು. ಅದರ ಮೇಲೆ ಏನೂ ಇರಲಿಲ್ಲ. ಅಡುಗೆಮನೆ ಎಲ್ಲಿಯೂ ಕಾಣಲಿಲ್ಲ.

ಅತ್ತೆ ಅದನ್ನು ಕೊನೆಯವರೆಗೆ ನೋಡಿ ಮೊಬೈಲ್ ನನಗೆ ವಾಪಸು ಕೊಟ್ಟರು. ಊರಿನ ಬಸ್ಸಿನಲ್ಲಿ ಮಾವನ ಪಕ್ಕ ಕೂತು, "ಆ ಅಡುಗೆಮನೀದು ಇನ್ನೊಂದ್ಸಲ ಹೇಳ್ರಿ," ಎಂದರು.

ಈಗ ಭಾನುವಾರಗಳಂದು ಇಬ್ಬರೂ ಜಗಳೂರಿನಿಂದ ಹೊನ್ನಾಳಿಯ ಹೊಳೆಗೆ ಹೋಗುತ್ತಾರೆ. ಮಾವ ಸೊಂಟದವರೆಗಿನ ನೀರಿನಲ್ಲಿ ನಿಂತು ತಲೆ ಮುಳುಗಿಸುತ್ತಾರೆ; ಅತ್ತೆ ಹಿಂದಿನಿಂದ ಅವರ ಉಡುದಾರ ಹಿಡಿದುಕೊಂಡಿರುತ್ತಾರೆ. ಕಳೆದ ಭಾನುವಾರ ಮಾವ ನೀರೊಳಗೆ ಕಣ್ಣು ಬಿಟ್ಟರು.