ಮಿತಾಹಾರಿ ಬೀಗರು

ಪರದೇಶಕ್ಕೆ ಕಾಲಿಟ್ಟ ಮೊದಲ ಗಂಟೆಯಲ್ಲೇ ಆ ದೇಶದ ಬಗ್ಗೆ ತೀರ್ಪು ಕೊಡಲಾರದವನಿಗೆ ಕಣ್ಣಿದ್ದೂ ದಂಡ ಎಂಬುದು ತೆಯೋಫಿಲೋನ ನಂಬಿಕೆ. ಪೆರು ದೇಶದ ಅರೆಕಿಪಾದಲ್ಲಿ ಮೂವತ್ತು ವರ್ಷ ಶಾಲಾ ತನಿಖಾಧಿಕಾರಿಯಾಗಿ, ಗೇಟಿನಲ್ಲೇ ನಿಂತು ಶಾಲೆಗಳ ಯೋಗ್ಯತೆ ಅಳೆದವನು ಅವನು. ಬಸ್ಸು ಗಡಿ ದಾಟಿ ಚಿಲಿಯೊಳಗೆ ನುಗ್ಗಿ ಇನ್ನೂ ಧೂಳು ಅಡಗಿರಲಿಲ್ಲ, ಮೂರು ತೀರ್ಪು ಹೊರಬಿದ್ದವು. ಇಲ್ಲಿಯವರು ಮಾತನ್ನು ಅರ್ಧ ನುಂಗುತ್ತಾರೆ. ನಗುವನ್ನು ಪೂರ್ತಿ ನುಂಗುತ್ತಾರೆ. ನುಂಗಲು ಯೋಗ್ಯವಾದದ್ದನ್ನು ಮಾತ್ರ ಅಡುಗೆ ಮಾಡಲಾರರು. (ಮೂರನೆಯದು ಬಸ್ಸಿನ ಕಿಟಕಿಯಿಂದ ಹೇಗೆ ಕಂಡಿತೆಂದು ಕೇಳಬಾರದು. ಊಟದ ವಿಷಯದಲ್ಲಿ ಪೆರುವಿನವರಿಗೆ ಸಾಕ್ಷಿ ಬೇಕಾಗುವುದಿಲ್ಲ.)

ಎರಡು ಹಗಲು ಎರಡು ರಾತ್ರಿ ಬಸ್ಸಲ್ಲಿ ಕಳೆದ ಮೇಲೆ ತೆಮುಕೋ ಊರು ಬಂತು. ಮಗಳು ಮಿಲುಸ್ಕಾ ಅಲ್ಲಿ ನರ್ಸು. ಅಲ್ಲಿಯ ಹುಡುಗ ಕ್ರಿಸ್ತೋಬಲ್ ಜೊತೆ ನಾಳೆ ನಿಶ್ಚಿತಾರ್ಥ. ಅವಳಿಗೆ ಇವತ್ತು ಆಸ್ಪತ್ರೆಯಲ್ಲಿ ಪಾಳಿ ಇದ್ದುದರಿಂದ ತಂದೆತಾಯಿ ಇಬ್ಬರೇ ಹುಡುಗನ ಮನೆಗೆ ಹೋಗಬೇಕಾಗಿತ್ತು.

"ಸೊಯ್ಲಾ, ನೆನಪಿಟ್ಕೋ," ಎಂದ ಹೆಂಡತಿಗೆ. "ಇವರ ಲೆಕ್ಕದಲ್ಲಿ ಪೆರುವಿನವರು ಬಾಯಿ ತೆರೆದ್ರೆ ಅಡುಗೆ ಪುರಾಣ, ಮುಚ್ಚಿದ್ರೆ ಬಾಯ್ತುಂಬ ತುತ್ತು. ನಾವು ಹಂಗಲ್ಲ ಅಂತ ತೋರಿಸ್ಬೇಕು. ಮಗಳ ಮದುವೆ ವಿಷ್ಯ."

"ನಾನು ಹಂಗೇ ತಾನೇ?"

"ಎರಡು ದಿನ ಹಂಗಿರ್ಬೇಡ."

ಸಂಜೆ ಆರಕ್ಕೆ ಹುಡುಗನ ತಾಯಿ ಗ್ಲಾದಿಸ್ ಮೇಜು ಸಿಂಗರಿಸಿದ್ದಳು. ಬಿಸಿ ಬನ್ನು, ಅರೆದ ಬೆಣ್ಣೆಹಣ್ಣು, ಮೊಟ್ಟೆ, ಚೀಸು, ಹಂದಿಮಾಂಸದ ಹೋಳು, ಹಣ್ಣು ತುಂಬಿದ ದೊಡ್ಡ ಕೇಕು, ಚಹಾ. "ಬನ್ನಿ ಬೀಗ್ರೇ, ಒನ್ಸೆಗೆ ಕೂತ್ಕೊಳ್ಳಿ."

ತೆಯೋಫಿಲೋನ ತರ್ಕಶಕ್ತಿ ಎಚ್ಚೆತ್ತಿತು. ಒನ್ಸೆ ಅಂದರೆ ಸಂಜೆ ಚಹಾ ಇರಬೇಕು. ಅರೆಕಿಪಾದಲ್ಲೂ ಸಂಜೆ ಚಹಾ ಉಂಟು. ಅದು ರಾತ್ರಿಯೂಟಕ್ಕೆ ಪೀಠಿಕೆ. ಪೀಠಿಕೆಯೇ ಇಷ್ಟು ಉದ್ದವಿದ್ದರೆ ಗ್ರಂಥ ಎಷ್ಟಿರಬೇಡ! ಅವನು ಅರ್ಧ ಬನ್ನು ತೆಗೆದುಕೊಂಡು, ಅದನ್ನೂ ಹೂವಿನ ಹಾಗೆ ಎಸಳು ಬಿಡಿಸಿ ತಿಂದ. ಸೊಯ್ಲಾ ನಾಲ್ಕನೆಯದಕ್ಕೆ ಕೈ ಹಾಕಿದಾಗ ಮೇಜಿನ ಕೆಳಗೆ ಎಚ್ಚರಿಕೆ ಕೊಟ್ಟ.

"ಯಾಕ್ರೀ ಒದೀತೀರಾ?" ಎಂದಳು ಆಕೆ, ಎಲ್ಲರಿಗೂ ಕೇಳುವಂತೆ.

"ಇನ್ನೊಂದು ತಗೊಳ್ಳಿ ಬೀಗ್ರೇ," ಎಂದಳು ಗ್ಲಾದಿಸ್.

"ಸಾಕು ತಾಯಿ. ನಾನು ಮಿತಾಹಾರಿ."

ಗ್ಲಾದಿಸಳ ಗಂಡ ಓಸ್ವಾಲ್ದೋ ರೈಲ್ವೆಯಿಂದ ನಿವೃತ್ತನಾದವನು, ಮಿತಭಾಷಿ. ಅವನು ಬಟ್ಟಲು ಕೆಳಗಿಟ್ಟ. "ಪೆರುವಿನಲ್ಲಿ ಮಿತಾಹಾರಿ!" ಎಂದು ಹುಬ್ಬೇರಿಸಿದ. ತೆಯೋಫಿಲೋ ಇದನ್ನು ಜಯಘೋಷವೆಂದು ಸ್ವೀಕರಿಸಿದ.

ಏಳಾಯಿತು. ಎಂಟಾಯಿತು. ಅಡುಗೆಮನೆಯಿಂದ ಪರಿಮಳ ಬರಲಿಲ್ಲ. ತಟ್ಟೆ ತೊಳೆಯುವ ಸದ್ದು ಬಂದು ಅದೂ ನಿಂತಿತು. ತೆಯೋಫಿಲೋ ಹೋಗಿ ಖಾಲಿ ಮೇಜಿನ ಮುಂದೆ ನೆಟ್ಟಗೆ ಕೂತ. ಗ್ಲಾದಿಸ್ ಮಲಗುವ ನಿಲುವಂಗಿ ತೊಟ್ಟು ಬಂದವಳು ಬೆಚ್ಚಿದಳು.

"ಏನಾದ್ರೂ ಬೇಕಿತ್ತಾ?"

"ಇಲ್ಲ, ಸುಮ್ನೆ... ನಿಮ್ಮ ಮೇಜಿನ ಮರ ಚೆನ್ನಾಗಿದೆ. ಊಟಕ್ಕೆ ಇನ್ನೂ ಹೊತ್ತಿರಬೇಕು?"

"ಊಟ ಮಧ್ಯಾಹ್ನ ಅಲ್ವಾ? ರಾತ್ರಿಗೆ ನಮ್ದು ಒನ್ಸೆನೇ, ಆಗ್ಲೇ ಆಯ್ತಲ್ಲ. ಅಯ್ಯೋ, ನೀವು ಏನೂ ತಿನ್ಲಿಲ್ಲ. ಹೊಟ್ಟೆ ಕೆಟ್ಟಿದ್ಯಾ?"

ಹಸಿವು ಎಂದು ಒಪ್ಪಿಕೊಳ್ಳುವುದಕ್ಕಿಂತ ಕಾಯಿಲೆ ಗೌರವಯುತ. ತೆಯೋಫಿಲೋ ಹೌದೆಂದು ತಲೆಯಾಡಿಸಿದ. ಆಕೆ ಕಹಿ ಎಲೆಯ ಕಷಾಯ ಕಾಸಿ ಕೊಟ್ಟು, ಕುಡಿದು ಮುಗಿಸುವವರೆಗೆ ಎದುರೇ ನಿಂತಳು. ಅದು ಹಸಿವನ್ನು ಕೆರಳಿಸುವ ಕಷಾಯ.

ಕೋಣೆಯಲ್ಲಿ ಸೊಯ್ಲಾ ತೃಪ್ತಿಯಿಂದ ಜಡೆ ಬಿಚ್ಚುತ್ತಿದ್ದಳು. "ಇಲ್ಲಿ ರಾತ್ರಿಯೂಟ ಇಲ್ಲಾಂತ ನನಗೆ ಗೊತ್ತಿತ್ತು. ಮಿಲುಸ್ಕಾ ಫೋನಲ್ಲೇ ಹೇಳಿದ್ಲು."

"ನನಗ್ಯಾಕೆ ಹೇಳ್ಲಿಲ್ಲ?"

"ಬಸ್ಸಲ್ಲಿ ಹೇಳೋಕೆ ಬಾಯಿ ತೆರೆದೆ. ನೀವು ಮೂರನೇ ತೀರ್ಪು ಕೊಡ್ತಾ ಇದ್ರಿ."

ಮರುದಿನ ಹಿತ್ತಲಲ್ಲಿ ಬೆಳಗಿನಿಂದಲೇ ಇಡೀ ಕುರಿ ಬೆಂಕಿಯ ಮೇಲೆ ಸುತ್ತುತ್ತಿತ್ತು. ಗಾಳಿ ಯಾವ ಕಡೆ ಬೀಸಿದರೆ ತೆಯೋಫಿಲೋ ಆ ಕಡೆ ಹೋಗಿ ನಿಲ್ಲುತ್ತಿದ್ದ. ಮಿಲುಸ್ಕಾ ಬಂದಳು, ಹದಿನೆಂಟು ಮಂದಿ ನೆಂಟರು ಬಂದರು, ಅವಳೂ ಕ್ರಿಸ್ತೋಬಲನೂ ಉಂಗುರ ಬದಲಾಯಿಸಿಕೊಂಡರು. ಓಸ್ವಾಲ್ದೋ ಜನ್ಮದಲ್ಲಿ ಮೊದಲ ಬಾರಿಗೆ ಭಾಷಣಕ್ಕೆ ಎದ್ದ.

"ನಿಜ ಹೇಳ್ತೀನಿ, ನನಗೆ ಈ ಸಂಬಂಧ ಅಷ್ಟಾಗಿ ಇಷ್ಟ ಇರ್ಲಿಲ್ಲ. ಪೆರುವಿನವರು, ನಮ್ಮ ಅಡುಗೇನ ಹೀಯಾಳಿಸ್ತಾರೆ ಅಂತ ಭಯ. ಈ ಮನುಷ್ಯ ಬಂದ್ರು. ಅರ್ಧ ಬನ್ನು ತಿಂದ್ರು, ಮರದ ಮೇಜು ಹೊಗಳಿದ್ರು. ಇಂಥವರ ಮಗಳು ಈ ಮನೆಗೆ ಬರ್ಲಿ, ನನ್ನ ತಕರಾರಿಲ್ಲ."

ಚಪ್ಪಾಳೆ ಬಿತ್ತು. ಮಿಲುಸ್ಕಾ ಯಾರೋ ಅಪರಿಚಿತನನ್ನು ನೋಡುವಂತೆ ಅಪ್ಪನನ್ನು ನೋಡಿದಳು. ಅಷ್ಟರಲ್ಲಿ ಗ್ಲಾದಿಸ್ ಅವನ ಮುಂದೆ ಒಂದು ಬಟ್ಟಲಿಟ್ಟಳು: ತಿಳಿನೀರಿನಂಥ ಸಾರು, ತಳದಲ್ಲಿ ಎರಡು ಚಮಚ ಅನ್ನ.

"ನಿಮಗಂತಲೇ ಬೇರೆ ಮಾಡಿದೀನಿ. ಉಪ್ಪು ಹಾಕಿಲ್ಲ."

ತೆಯೋಫಿಲೋ ಕುರಿಯನ್ನು ನೋಡಿದ, ಮಗಳ ಬೆರಳಿನ ಉಂಗುರವನ್ನು ನೋಡಿದ, ಚಮಚ ಎತ್ತಿದ.

"ಮನೇಲೂ ಇಷ್ಟೇ ತಿಂತಾರಾ ಪಾಪ?" ಎಂದು ಗ್ಲಾದಿಸ್ ಮರುಗಿದಳು.

"ಇಷ್ಟೇ ತಾಯಿ. ಎಷ್ಟು ಬಲವಂತ ಮಾಡಿದ್ರೂ ಮುಟ್ಟಲ್ಲ," ಎಂದಳು ಸೊಯ್ಲಾ, ತಟ್ಟೆ ಮುಂದೆ ಚಾಚಿ. "ಅವರ ಪಾಲಿಂದೂ ಇಲ್ಲೇ ಹಾಕ್ಬಿಡಿ. ತೊಡೆ ಕಡೆಯಿಂದ."